ಅರಿಶಿನದ ಬಣ್ಣ, ಮಣ್ಣಿನ ಹುಳಿ

ವಿದ್ಯಾರ್ಥಿಗಳೇ, ಆರತಿ ತಟ್ಟೆಯ ಓಕುಳಿಯನ್ನು ನೀವೆಲ್ಲ ನೋಡಿದ್ದೀರಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಒಂದು ಸೂಚಕ. ಸುಣ್ಣದ ಕ್ಷಾರವು ಅದರ ಅಣುವಿನಿಂದ ಹೈಡ್ರೋಜನ್ ಅಯಾನನ್ನು ಕಸಿದುಕೊಳ್ಳುತ್ತದೆ. ಆಗ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗಿ, ಅಣು ಹೀರುವ ಬೆಳಕೂ ಬದಲಾಗುತ್ತದೆ. ಆಮ್ಲವು ಆ ಅಯಾನನ್ನು ಹಿಂದಕ್ಕೆ ಕೊಡುತ್ತದೆ.

ಹಾಗಾದರೆ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಒಂದು ಹೊಲದ ಕೆಮ್ಮಣ್ಣು ಹುಳಿಯೇ ಎಂದು ಅರಿಶಿನದಿಂದ ತಿಳಿಯಬಹುದೇ? ಆಗದು. ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಕೊಟ್ಟ ಪಿಎಚ್ ಅಳತೆಯಲ್ಲಿ 7 ತಟಸ್ಥ. ಕೆಳಗಿನದು ಆಮ್ಲ, ಮೇಲಿನದು ಕ್ಷಾರ. ಒಂದು ಮೆಟ್ಟಿಲು ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಅರಿಶಿನ ಬಣ್ಣ ಬದಲಿಸುವುದು ಸುಮಾರು 7.4ರಿಂದ 8.6ರೊಳಗೆ. ಪಿಎಚ್ 5ರ ಮಣ್ಣಿಗೂ 7ರ ಮಣ್ಣಿಗೂ ಅದರ ಉತ್ತರ ಹಳದಿಯೇ!

ಇದು ಬರೀ ಪಾಠದ ಮಾತಲ್ಲ. ಹುಳಿ ಹೆಚ್ಚಾದ ಕೆಮ್ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೊಟ್ಟ ಗೊಬ್ಬರ ಬೆಳೆಗೆ ಪೂರ್ತಿ ದಕ್ಕದು. ಅಲ್ಲಿ ಸುಣ್ಣ ಬೇಕು. ಹುಳಿಯಿಲ್ಲದ ಹೊಲಕ್ಕೆ ಸುಣ್ಣ ಸುರಿದರೆ ಕಬ್ಬಿಣ, ಸತುವುಗಳೇ ಬೇರಿಗೆ ಸಿಗದೆ ಹಿಪ್ಪುನೇರಳೆಯ ಚಿಗುರು ಬಿಳಿಚಿಕೊಳ್ಳಬಹುದು.

ಈ ಪ್ರಶ್ನೆಗೆ ತಕ್ಕ ಸೂಚಕ ಬ್ರೋಮೋಥೈಮಾಲ್ ಬ್ಲೂ. ಪಿಎಚ್ 6ರ ಕೆಳಗೆ ಹಳದಿ, 7.6ರ ಮೇಲೆ ನೀಲಿ, ನಡುವೆ ಹಸಿರು. ಹಸಿರೆಂಬುದು ಬೇರೆ ಬಣ್ಣವೇನಲ್ಲ, ಹಳದಿ ಮತ್ತು ನೀಲಿ ಅಣುಗಳ ಬೆರಕೆ. ಒಂದರ ಪ್ರಮಾಣ ಇನ್ನೊಂದರ ಹತ್ತು ಪಟ್ಟಾದರೆ ನಮ್ಮ ಕಣ್ಣಿಗೆ ಹೆಚ್ಚಿನದಷ್ಟೇ ಕಾಣುತ್ತದೆ. ಆದ್ದರಿಂದಲೇ ಪ್ರತಿ ಸೂಚಕದ ವ್ಯಾಪ್ತಿ ಹೆಚ್ಚೆಂದರೆ ಸುಮಾರು ಎರಡು ಮೆಟ್ಟಿಲು.

ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಅಧ್ಯಾಪಕರ ಎದುರಿನಲ್ಲಿ ಮಾಡಿ ನೋಡಿ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಬಟ್ಟಿ ಇಳಿಸಿದ ನೀರು ಸೇರಿಸಿ. ತೊಡಕೇನೆಂದರೆ, ಕೆಮ್ಮಣ್ಣಿನ ನೀರೇ ಕೆಂಪು! ಸ್ವಲ್ಪ ಬೇರಿಯಂ ಸಲ್ಫೇಟ್ ಪುಡಿ ಹಾಕಿ ಕುಲುಕಿದರೆ ಜೇಡಿಕಣಗಳು ತಳ ಸೇರುತ್ತವೆ. (ಬೇರಿಯಂನ ಕರಗುವ ಲವಣಗಳು ವಿಷ, ಸೀಸೆಯ ಮೇಲಿನ ಹೆಸರನ್ನು ಎರಡು ಸಲ ಓದಿ.) ತಿಳಿನೀರಿಗೆ ನಾಲ್ಕು ಹನಿ ಸೂಚಕ ಬಿಟ್ಟು, ಪ್ರನಾಳದ ಹಿಂದೆ ಬಿಳಿ ಕಾಗದ ಹಿಡಿಯಿರಿ. ಹಸಿರಾದರೆ ಸುಣ್ಣದ ಮಾತು ಬೇಡ. ಹಳದಿಯಾದರೆ ಇನ್ನೊಂದು ಪ್ರನಾಳದಲ್ಲಿ ಮೀಥೈಲ್ ರೆಡ್ ಬಳಸಿ: ಅದು 4.4ರಲ್ಲಿ ಕೆಂಪು, 6.2ರಲ್ಲಿ ಹಳದಿ.

ಎಷ್ಟು ಸುಣ್ಣ ಬೇಕೆಂಬುದನ್ನು ಮಾತ್ರ ಬಣ್ಣ ಹೇಳಲಾರದು. ಜೇಡಿಯೂ ಸಾವಯವ ವಸ್ತುವೂ ಆಮ್ಲವನ್ನು ಒಳಗೇ ಅಡಗಿಸಿಟ್ಟುಕೊಂಡಿರುತ್ತವೆ. ಪಿಎಚ್ ಒಂದೇ ಆದರೂ ಮರಳುಮಣ್ಣಿಗಿಂತ ಜೇಡಿಮಣ್ಣು ಹೆಚ್ಚು ಸುಣ್ಣ ಬೇಡುತ್ತದೆ. ಅದಕ್ಕೆ ಮಣ್ಣು ಪರೀಕ್ಷಾ ಕೇಂದ್ರಕ್ಕೇ ಮಾದರಿ ಕಳಿಸಬೇಕು.