ಹಸಿರು ಎಷ್ಟು ಹಸಿರು? ಸಾಲಿಗ್ರಾಮದ ಗದ್ದೆ ಕಲಿಸುವ ವರ್ಣಪಾಠ

ಮಳೆಗಾಲ ಕಳೆಯುವ ಹೊತ್ತಿಗೆ ಮೈಸೂರು ಜಿಲ್ಲೆಯ ಸಾಲಿಗ್ರಾಮದ ಸುತ್ತ ಕಣ್ಣು ಹಾಯಿಸಿದತ್ತ ಭತ್ತದ ಪೈರು. ಹೊಸದಾಗಿ ಕ್ಯಾಮೆರಾ ಕೊಂಡವರನ್ನು ಮೊದಲು ಸೆಳೆಯುವುದು ಈ ಹಸಿರೇ. ಆದರೆ ಒಂದೇ ಗದ್ದೆಯನ್ನು ಬೆಳಿಗ್ಗೆ, ನಡುಹಗಲು ಮತ್ತು ಸಂಜೆ ಸೆರೆಹಿಡಿದು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂರು ಬೇರೆ ಹಸಿರುಗಳು ಎದುರಾಗುತ್ತವೆ. ಇವುಗಳಲ್ಲಿ ನಿಜವಾದದ್ದು ಯಾವುದು?

ಮೂರೂ ನಿಜ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ವಸ್ತು ಹಿಂದಿರುಗಿಸಿದ ಪಾಲನ್ನೇ ನಾವು ಬಣ್ಣವೆನ್ನುತ್ತೇವೆ. ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಕೆಲ್ವಿನ್ ಮಾನದಲ್ಲಿ ಅಳೆಯುತ್ತಾರೆ. ಎಣ್ಣೆದೀಪದ ಬೆಳಕು ಸುಮಾರು 1900, ಹಳೆಯ ಟಂಗ್‌ಸ್ಟನ್ ಬಲ್ಬಿನದು 2800, ನಡುಹಗಲಿನ ಬಿಸಿಲು 5500. ಮರದ ನೆರಳಿನಲ್ಲಿ 7000 ದಾಟುವುದುಂಟು. ಅಂಕಿ ಏರಿದಷ್ಟೂ ನೀಲಿ, ಇಳಿದಷ್ಟೂ ಕೆಂಪು ಹಳದಿ. ನಮ್ಮ ಮಿದುಳು ಇದನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಆ ಕೆಲಸ ‘ವೈಟ್ ಬ್ಯಾಲೆನ್ಸ್’ನದು. ಅದನ್ನು ‘ಆಟೋ’ದಲ್ಲಿಟ್ಟರೆ ಸಂಜೆಯ ಹೊಂಬಣ್ಣವನ್ನು ದೋಷವೆಂದು ಬಗೆದು ಅಳಿಸಲು ಯತ್ನಿಸುತ್ತದೆ! ಕಲಿಯುವವರು ಕೆಲವು ದಿನ ಅದನ್ನು ‘ಡೇಲೈಟ್’ಗೆ ಕಟ್ಟಿಹಾಕುವುದು ಲೇಸು. ಬೆಳಕು ಬದಲಾದದ್ದು ಆಗ ಚಿತ್ರದಲ್ಲಿಯೇ ಕಾಣುತ್ತದೆ.

ವಾಸ್ತವದಲ್ಲಿ ಸೆನ್ಸರ್ ಬಣ್ಣವನ್ನು ಕಾಣುವುದೇ ಇಲ್ಲ, ಬೆಳಕಿನ ಪ್ರಮಾಣವನ್ನಷ್ಟೇ ಅಳೆಯುತ್ತದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಸ್ವಾಮ್ಯ ಪಡೆದ ವಿನ್ಯಾಸದಲ್ಲಿ ಪ್ರತಿ 4 ಬಿಂದುಗಳ ಪೈಕಿ 2ಕ್ಕೆ ಹಸಿರು, ಉಳಿದವಕ್ಕೆ ಒಂದೊಂದು ಕೆಂಪು ಮತ್ತು ನೀಲಿ ಶೋಧಕಗಳಿವೆ. ಮನುಷ್ಯನ ಕಣ್ಣು ಹಸಿರಿಗೇ ಹೆಚ್ಚು ಸ್ಪಂದಿಸುವುದು ಇದಕ್ಕೆ ಕಾರಣ. ಮೂರು ಶೋಧಕಗಳ ಈ ಉಪಾಯ ಹಳೆಯದು. 1861ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬಣ್ಣದ ಪಟ್ಟಿಯೊಂದನ್ನು ಇದೇ ಕ್ರಮದಲ್ಲಿ ತೋರಿಸಿದ್ದರು. ವಿನೋದವೆಂದರೆ ಆಗಿನ ಫಲಕಗಳಿಗೆ ಕೆಂಪು ದಾಖಲಾಗುತ್ತಲೇ ಇರಲಿಲ್ಲ. ಕೆಂಪು ಬಟ್ಟೆ ಪ್ರತಿಫಲಿಸಿದ ಅತಿನೇರಳೆ ಕಿರಣಗಳು ಅದರ ಸ್ಥಾನ ತುಂಬಿದ್ದವೆಂದು ನೂರು ವರ್ಷಗಳ ನಂತರ ತಿಳಿಯಿತು.

ಕೆಂಪು ಇಂದಿಗೂ ಕಾಡುತ್ತದೆ. ಸಣ್ಣ ಊರುಗಳಲ್ಲಿ ಛಾಯಾಗ್ರಹಣ ಕಲಿತವರಿಗೆ ಮೊದಲ ಸಂಪಾದನೆ ಬರುವುದು ಮದುವೆಮನೆಯಿಂದ. ಅಲ್ಲಿ ಕಿಟಕಿಯ ಬಿಸಿಲು, ಟ್ಯೂಬ್‌ಲೈಟ್, ಮಂಟಪದ ಹಳದಿ ದೀಪ, ವಿಡಿಯೋದವರ ಎಲ್‌ಇಡಿ ಎಲ್ಲವೂ ಒಟ್ಟಿಗೆ. ಯಾವ ಒಂದು ಹೊಂದಾಣಿಕೆಯೂ ಎಲ್ಲಕ್ಕೂ ಒಗ್ಗದು. ಧಾರೆ ಸೀರೆಯ ಕೆಂಪು ಕಿತ್ತಳೆಯಾಗಿ ಬಂದರೆ, ಅದನ್ನು ಆರಿಸಲು ದಿನವಿಡೀ ಅಂಗಡಿ ಸುತ್ತಿದ ಮನೆಯವರು ಸುಮ್ಮನಿರುತ್ತಾರೆಯೇ? ಇನ್ನೊಂದು ತೊಡಕೆಂದರೆ, ಒಟ್ಟು ಚಿತ್ರ ಸರಿಯಿದ್ದರೂ ಕೆಂಪು ಭಾಗ ಮಾತ್ರ ಮಿತಿಮೀರಿ, ರೇಷ್ಮೆಯ ನೆರಿಗೆಗಳೆಲ್ಲ ಒಂದೇ ಮುದ್ದೆಯಾಗಿಬಿಡುತ್ತವೆ. ಒಂದೇ ಹಿಸ್ಟೋಗ್ರಾಮ್ ನೋಡಿದರೆ ಇದು ತಿಳಿಯದು. ಮೂರೂ ಬಣ್ಣಗಳದ್ದನ್ನು ಬೇರೆಬೇರೆಯಾಗಿ ನೋಡಿ, ಅಗತ್ಯವಿದ್ದರೆ ಬೆಳಕನ್ನು ಅರ್ಧ ಸ್ಟಾಪ್ ತಗ್ಗಿಸಬೇಕು. ಮಂಟಪದಲ್ಲಿ ಬೂದು ಕಾರ್ಡೊಂದನ್ನು ಹಿಡಿಸಿ ಒಂದು ಚಿತ್ರ ತೆಗೆದು, ಎಲ್ಲವನ್ನೂ ‘ರಾ’ ರೂಪದಲ್ಲಿ ಉಳಿಸಿಕೊಂಡರೆ ಬಣ್ಣವನ್ನು ಆನಂತರ ಬಹುಮಟ್ಟಿಗೆ ತಿದ್ದಬಹುದು.

ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಹೆಸರಾದದ್ದು ಕಪ್ಪು ಬಿಳುಪು ಚಿತ್ರಗಳಿಂದ. ಬಣ್ಣ ಕಲಿಯುವವರೂ ಅವನ್ನು ನೋಡಬೇಕೆಂಬುದು ಈ ವರದಿಗಾರನ ಅಭಿಪ್ರಾಯ. ಬಣ್ಣ ಕಳೆದ ಮೇಲೂ ಚಿತ್ರದಲ್ಲಿ ಏನು ಉಳಿಯುತ್ತದೆಂಬುದು ಅಲ್ಲಿದೆ.

ಮುಂದಿನ ಅಭ್ಯಾಸಕ್ಕೆ ಸಮೀಪದ ಚುಂಚನಕಟ್ಟೆಗೆ ಹೋಗಬಹುದು. ಕಾವೇರಿಯ ಬಿಳಿನೊರೆ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಅದನ್ನು ಬೂದಿಯಾಗಿಸುತ್ತದೆ. ಅಲ್ಲಿ ಬೆಳಕನ್ನು ಒಂದು ಸ್ಟಾಪ್ ಏರಿಸಿ ನೋಡಿ.