ಗಣಕಯಂತ್ರದ ತೂಬುಗಳು

ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿರುವ ಅಣೆಕಟ್ಟಿನ ನೀರು ದಾವಣಗೆರೆ, ಹರಿಹರ ತಾಲ್ಲೂಕುಗಳ ಗದ್ದೆಗಳಿಗೆ ನೇರವಾಗಿ ಬಂದು ಬೀಳುವುದಿಲ್ಲ. ಅದು ನಾಲೆಯಿಂದ ಉಪನಾಲೆಗೂ, ಉಪನಾಲೆಯಿಂದ ತೂಬಿಗೂ, ತೂಬಿನಿಂದ ಹೊಲಗಾಲುವೆಗೂ ಹರಿದು ಬರುತ್ತದೆ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವುದನ್ನು ಮುಚ್ಚಬೇಕು ಎಂಬುದನ್ನು ನೋಡಿಕೊಳ್ಳುವವನು ನೀರುಗಂಟಿ. ಯಾರೂ ಬಂದು ಬೇರೆ ಏರ್ಪಾಡನ್ನು ಕೇಳದಿದ್ದರೆ ತೂಬು ಮೊದಲು ಇಟ್ಟ ಸ್ಥಿತಿಯಲ್ಲಿಯೇ ಇರುತ್ತದೆ. ನೀರು ಆ ದಾರಿಯಲ್ಲಿಯೇ ಹರಿಯುತ್ತದೆ. ರೈತನು ಊರಿನಲ್ಲಿ ಇಲ್ಲದಿದ್ದರೂ ಹರಿಯುತ್ತದೆ, ಇದ್ದು ಮಲಗಿದ್ದರೂ ಹರಿಯುತ್ತದೆ.

ಗಣಕಯಂತ್ರದ ಒಳಗೂ ಇಂಥದೇ ಒಬ್ಬ ನೀರುಗಂಟಿ ಇದ್ದಾನೆ. ಅವನ ಹೆಸರು ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಂಬುವೆಲ್ಲ ಈ ಜಾತಿಯವು. ಹರಿಹರ ತಾಲ್ಲೂಕಿನಲ್ಲಿ ಸಾರಥಿ ಎಂಬ ಒಂದು ಊರಿದೆ. ಕಾರ್ಯಾಚರಣ ವ್ಯವಸ್ಥೆಗೆ ಕನ್ನಡದಲ್ಲಿ ಒಂದೇ ಪದದ ಹೆಸರು ಬೇಕೆಂದರೆ ಆ ಊರಿನ ಹೆಸರೇ ಸಾಕಾದೀತು. ರಥದಲ್ಲಿ ಕುಳಿತವನು ಹೋಗಬೇಕಾದ ಎಡೆಯನ್ನು ಹೇಳುತ್ತಾನೆ. ಕುದುರೆಗಳ ಹಗ್ಗ ಸಾರಥಿಯ ಕೈಯಲ್ಲಿರುತ್ತದೆ. ಲೆಕ್ಕ ಮಾಡುವ, ಪತ್ರ ಬರೆಯುವ, ಚಿತ್ರ ತೋರಿಸುವ ಯಾವ ತಂತ್ರಾಂಶವೂ ತಾನಾಗಿ ಕಡತವನ್ನು ಮುಟ್ಟಲಾರದು. ಕಡತವನ್ನು ತೆರೆಯಬೇಕಾದರೂ ಅದರಲ್ಲಿ ಬರೆಯಬೇಕಾದರೂ ಸಾರಥಿಯನ್ನೇ ಕೇಳಬೇಕು.

ಹೊರಗಿನಿಂದ ತಂತ್ರಾಂಶದೊಳಕ್ಕೆ ಬರುವುದನ್ನು ಆದಾನವೆಂದೂ, ಒಳಗಿನಿಂದ ಹೊರಕ್ಕೆ ಹೋಗುವುದನ್ನು ಪ್ರದಾನವೆಂದೂ ಕರೆಯುತ್ತಾರೆ. ಇನ್‌ಪುಟ್, ಔಟ್‌ಪುಟ್ ಎಂಬ ಮಾತುಗಳು ಈಗ ಮನೆಮನೆಗೂ ಬಂದಿವೆ. ಆದಾನ ಎಲ್ಲಿಂದ, ಪ್ರದಾನ ಎಲ್ಲಿಗೆ ಎಂದು ಯಾರೂ ಹೇಳದೆ ಇದ್ದಾಗ ವ್ಯವಸ್ಥೆಯು ಅನುಸರಿಸುವ ಕ್ರಮವೇ ಪೂರ್ವನಿಯೋಜಿತ ಏರ್ಪಾಡು. ಇದನ್ನೇ ಡಿಫಾಲ್ಟ್ ಎನ್ನುವುದು ರೂಢಿ.

ಈ ಏರ್ಪಾಡಿಗೆ ಸ್ಪಷ್ಟವಾದ ರೂಪ ದೊರೆತದ್ದು ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು 1969ರಲ್ಲಿ ಅದನ್ನು ರೂಪಿಸತೊಡಗಿದರು. ಅಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ಹುಟ್ಟುವಾಗಲೇ ಕಾಲುವೆಗಳು ಸಿದ್ಧವಾಗಿರುತ್ತವೆ. ಸೊನ್ನೆಯ ಸಂಖ್ಯೆಯ ಕಾಲುವೆ ಆದಾನದ್ದು; ಅದು ಕೀಲಿಮಣೆಗೆ ಸೇರಿರುತ್ತದೆ. ಒಂದನೆಯದು ಪ್ರದಾನದ್ದು, ಅದು ತೆರೆಗೆ ಸೇರಿರುತ್ತದೆ. ಎರಡನೆಯದು ದೋಷದ ಸುದ್ದಿ ಹೇಳುವುದಕ್ಕೆ ಮೀಸಲು. ಅದರ ಕೊನೆಯೂ ತೆರೆಯೇ. ಬೇಕಾದವರು ಒಂದನೆಯ ಕಾಲುವೆಯನ್ನು ತೆರೆಯಿಂದ ಬಿಡಿಸಿ ಒಂದು ಕಡತದ ಕಡೆಗೆ ತಿರುಗಿಸಬಹುದು. ಒಂದು ತಂತ್ರಾಂಶದ ಪ್ರದಾನವನ್ನು ಮತ್ತೊಂದರ ಆದಾನಕ್ಕೆ ಜೋಡಿಸಲೂಬಹುದು. ಈ ಜೋಡಣೆ 1973ರಲ್ಲಿ ಬಂದಿತು.

ತೆರೆಗೆ ಹೋಗುವ ಕಾಲುವೆ ಒಂದಿರುವಾಗ ದೋಷದ ಸುದ್ದಿಗೆ ಇನ್ನೊಂದು ಏಕೆ ಎಂದು ಕೇಳಬಹುದು. ಮೊದಮೊದಲು ಇನ್ನೊಂದು ಇರಲಿಲ್ಲ. ಆ ಪ್ರಯೋಗಾಲಯದಲ್ಲಿ ಬೆಳಕಿನ ನೆರವಿನಿಂದ ಅಚ್ಚುಮೊಳೆ ಜೋಡಿಸುವ ಒಂದು ಯಂತ್ರವಿತ್ತು. ಪ್ರದಾನವನ್ನು ಅದಕ್ಕೆ ತಿರುಗಿಸಿ ಲೇಖನಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದರು. ನಡುವೆ ಏನಾದರೂ ಕೆಟ್ಟರೆ, ಕೆಟ್ಟಿತೆಂಬ ಸುದ್ದಿಯೂ ಅದೇ ಕಾಲುವೆಯಲ್ಲಿ ಹರಿದು, ಯಾರ ಕಣ್ಣಿಗೂ ಬೀಳದೆ, ಅಂದವಾದ ಅಕ್ಷರಗಳಲ್ಲಿ ಜೋಡಣೆಯಾಗಿ ಹೊರಬರುತ್ತಿತ್ತು. ಕಾಗದವೂ ಶ್ರಮವೂ ವ್ಯರ್ಥವಾಗುತ್ತಿದ್ದವು. ಹಲವು ಸಲ ಹೀಗಾದ ಮೇಲೆ ದೋಷದ ಸುದ್ದಿಗೆ ಪ್ರತ್ಯೇಕ ಕಾಲುವೆಯನ್ನು ತೋಡಿದರು. ಇಂದಿನ ವ್ಯವಸ್ಥೆಗಳಲ್ಲಿ ಅದು ಹಾಗೆಯೇ ಉಳಿದುಬಂದಿದೆ.

ಇಲ್ಲಿಯವರೆಗೆ ಹೇಳಿದ್ದು ಹರಿವಿನ ದಾರಿಯ ವಿಷಯ. ಕನ್ನಡಿಗರಿಗೆ ಇದಕ್ಕಿಂತ ಹೆಚ್ಚು ಸಂಬಂಧಿಸಿದ್ದು ಹರಿಯುವ ವಸ್ತುವಿನ ವಿಷಯ.

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಥನು ಕಟ್ಟಿಸಿದನು. ಅಲ್ಲಿ ಅನೇಕ ಶಾಸನಗಳಿವೆ. ಲಿಪಿ ಬಲ್ಲವನು ಇಂದು ಹೋಗಿ ನಿಂತರೂ ಅವುಗಳನ್ನು ಓದಬಲ್ಲನು. ಏಕೆಂದರೆ ಕಲ್ಲಿನ ಮೇಲೆ ಇರುವುದು ಅಕ್ಷರದ ಆಕಾರವೇ. ಗಣಕಯಂತ್ರದ ಕಡತದಲ್ಲಾದರೋ ಯಾವ ಆಕಾರವೂ ಇರುವುದಿಲ್ಲ. ಅಲ್ಲಿ ಇರುವುದು ಸಂಖ್ಯೆಗಳ ಸಾಲು ಮಾತ್ರ. 0ಯಿಂದ 255ರ ವರೆಗಿನ ಒಂದೊಂದು ಸಂಖ್ಯೆ ಒಂದೊಂದು ಬೈಟ್. ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಕೋಷ್ಟಕ ಬೇರೆ ಇರುತ್ತದೆ. ಸಾದಾ ಬರೆಹದ ಕಡತವು ತಾನು ಯಾವ ಕೋಷ್ಟಕದಂತೆ ಬರೆಯಲ್ಪಟ್ಟಿದೆ ಎಂಬುದನ್ನು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಆದಕಾರಣ ವ್ಯವಸ್ಥೆ ತನ್ನ ಪೂರ್ವನಿಯೋಜಿತ ಕೋಷ್ಟಕವನ್ನು ಹಿಡಿದು ಓದುತ್ತದೆ, ಅದನ್ನೇ ಹಿಡಿದು ಬರೆಯುತ್ತದೆ.

ಕನ್ನಡದ ಪಾಲಿಗೆ ಇಂಥ ಕೋಷ್ಟಕ ಒಂದೇ ಇರಲಿಲ್ಲ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಆ ಕಾಲದ ಯಂತ್ರಗಳಿಗೆ ಕನ್ನಡವೆಂಬುದು ತಿಳಿಯದು. ಆದ್ದರಿಂದ ಇಂಗ್ಲಿಷ್ ಮತ್ತು ಇತರ ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸುವ ಉಪಾಯವನ್ನು ಹೂಡಿದರು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಇರಬೇಕಾದ 80ನೆಯ ಸ್ಥಾನದಲ್ಲಿ ಕಕಾರದ ಮೈ ಇದೆ. ಅದರ ತಲೆಕಟ್ಟು 192ನೆಯ ಸ್ಥಾನದಲ್ಲಿದೆ. ಎರಡೂ ಸೇರಿದರೆ 'ಕ'. 'ಮ' ಎಂಬುದಕ್ಕೆ ಸ್ವಂತ ಮೈಯೇ ಇಲ್ಲ. ವಕಾರದ ಮುಂದೆ ಒಂದು ಕೊಂಬನ್ನು ಸೇರಿಸಿ ಅದನ್ನು ಮಾಡುತ್ತಾರೆ. ಲಿಪಿಯ ಆಕಾರವನ್ನು ಸೂಕ್ಷ್ಮವಾಗಿ ನೋಡಿದವರಿಗೆ ಇದರ ಜಾಣ್ಮೆ ಹೊಳೆಯದಿರದು. ಅಂದಿನ ಅಗತ್ಯಕ್ಕೆ ಅದು ತಕ್ಕ ಉಪಾಯವೇ ಆಗಿತ್ತು.

ಇಷ್ಟರಲ್ಲಿ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಕೋಷ್ಟಕವೆಂಬ ಸಂಕಲ್ಪದಿಂದ ಯೂನಿಕೋಡ್ ಹುಟ್ಟಿತ್ತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತಿದ್ದವು. ಅಲ್ಲಿ 'ಕ' ಎಂಬುದು 3221. ಇಂಥ ದೊಡ್ಡ ಸಂಖ್ಯೆಯನ್ನು ಬೈಟುಗಳಾಗಿ ಒಡೆಯುವ ಯುಟಿಎಫ್-8 ಎಂಬ ಕ್ರಮವನ್ನು 1992ರಲ್ಲಿ ಕಂಡುಕೊಂಡವರು ಯುನಿಕ್ಸಿನ ಅದೇ ಕೆನ್ ಥಾಂಪ್ಸನ್ ಮತ್ತು ಅವರ ಸಹೋದ್ಯೋಗಿ ರಾಬ್ ಪೈಕ್. ಒಂದು ಉಪಾಹಾರ ಗೃಹದಲ್ಲಿ ತಟ್ಟೆಯ ಕೆಳಗಿನ ಕಾಗದದ ಮೇಲೆ ಅದನ್ನು ಬರೆದರೆಂದು ಪ್ರತೀತಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಯೂನಿಕೋಡಿಗೆ ಒಪ್ಪುವ ಒಂದು ಕನ್ನಡ ಅಕ್ಷರವಿನ್ಯಾಸವೂ ಬಂದಿತು. ಅದರ ಹೆಸರು 'ತುಂಗಾ'. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹರಿಹರದ ಮಗ್ಗುಲಲ್ಲಿ ಹರಿಯುವ ನದಿಯ ಹೆಸರು ಹೀಗೆ ದೂರದ ದೇಶದ ಯಂತ್ರಗಳನ್ನೂ ಹೊಕ್ಕಿತು.

ಈಗ 'ಸಾರಥಿ' ಎಂಬ ಪದವನ್ನೇ ತೆಗೆದುಕೊಂಡು ನೋಡಬಹುದು. ಕಣ್ಣಿಗೆ ಮೂರು ಅಕ್ಷರ. ಛಂದಸ್ಸಿನ ಲೆಕ್ಕಕ್ಕೆ ಒಂದು ಗುರು, ಎರಡು ಲಘು, ಅಂದರೆ ಭಗಣ. ಯೂನಿಕೋಡಿನ ಲೆಕ್ಕಕ್ಕೆ ಅದು ಐದು ಸಂಕೇತಗಳು: ಸಕಾರ, ಆಕಾರದ ದೀರ್ಘ, ರಕಾರ, ಥಕಾರ, ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ ಹದಿನೈದು ಬೈಟುಗಳಾಗುತ್ತವೆ. 224, 178, 184 ಎಂಬುದು ಸಕಾರ. ಉಳಿದ ನಾಲ್ಕೂ 224, 178 ಎಂದೇ ಆರಂಭವಾಗುತ್ತವೆ. ಹಳೆಯ ನುಡಿಯಲ್ಲಿ ಅದೇ ಪದ 184, 193, 103, 192, 121 ಎಂಬ ಐದೇ ಬೈಟುಗಳು. ಎರಡರಲ್ಲಿಯೂ 184 ಕಾಣಿಸಿಕೊಂಡದ್ದು ಕಾಕತಾಳೀಯ. ಅದನ್ನು ನಂಬಿ ಹೊರಡುವಂತಿಲ್ಲ.

ಸಾರಥಿಯಂಥ ಒಂದು ಊರಿನ ಹಾಲಿನ ಸಂಘದ ಸದಸ್ಯರ ಪಟ್ಟಿಯನ್ನು ಊಹಿಸಿಕೊಳ್ಳೋಣ. ಅದನ್ನು ಯುಟಿಎಫ್-8ರಲ್ಲಿ ಬರೆದು ಉಳಿಸಿದ್ದಾರೆ. ಮತ್ತೊಂದು ಯಂತ್ರವು ತನ್ನ ಪೂರ್ವನಿಯೋಜಿತವಾದ ಯೂರೋಪಿನ ಕೋಷ್ಟಕವನ್ನು ಹಿಡಿದು ಅದನ್ನು ತೆರೆಯುತ್ತದೆ. ಆಗ ಪ್ರತಿಯೊಂದು ಕನ್ನಡ ಸಂಕೇತದ ಎಡೆಯಲ್ಲೂ ತಲೆಯ ಮೇಲೆ ಓರೆಗೆರೆಯಿರುವ ಒಂದು ಸಣ್ಣ 'ಎ', ಮೇಲಕ್ಕೆ ಏರಿಸಿದ ಒಂದು ಎರಡರ ಅಥವಾ ಮೂರರ ಅಂಕಿ, ಬಳಿಕ ಇನ್ನಾವುದೋ ಒಂದು ಗುರುತು ಕಾಣಿಸುತ್ತವೆ. ಕಡತ ಕೆಟ್ಟುಹೋಯಿತೆಂದು ನೋಡಿದವರು ಹೆದರುತ್ತಾರೆ. ವಾಸ್ತವವಾಗಿ ಏನೂ ಕೆಟ್ಟಿಲ್ಲ. ಬೈಟುಗಳೆಲ್ಲ ಇದ್ದಂತೆಯೇ ಇವೆ. ಓದಿದ ಕೋಷ್ಟಕ ಮಾತ್ರ ತಪ್ಪು. ಏನನ್ನೂ ಉಳಿಸದೆ ಮುಚ್ಚಿ, ಸರಿಯಾದ ಕೋಷ್ಟಕವನ್ನು ಹೇಳಿ ಮತ್ತೆ ತೆರೆದರೆ ಹೆಸರುಗಳು ಮರಳಿ ಬರುತ್ತವೆ.

ತಪ್ಪಾಗಿ ಬರೆಯುವುದರ ಫಲ ಹಾಗಲ್ಲ. ವಿಂಡೋಸಿನ ನೋಟ್‌ಪ್ಯಾಡ್ ಎಂಬ ಸರಳ ತಂತ್ರಾಂಶದ ಪೂರ್ವನಿಯೋಜಿತ ಕೋಷ್ಟಕವು 2019ರ ವರೆಗೂ 'ಆನ್ಸಿ' ಎಂದು ಕರೆಯಲ್ಪಡುವ ಹಳೆಯದೇ ಆಗಿತ್ತು. ಅದರಲ್ಲಿ ಕನ್ನಡಕ್ಕೆ ಸ್ಥಾನವಿಲ್ಲ. ಯೂನಿಕೋಡಿನ ಕನ್ನಡವನ್ನು ಬರೆದು ಉಳಿಸಲು ಹೋದರೆ, ಕೆಲವು ಅಕ್ಷರಗಳು ನಷ್ಟವಾಗುವುವೆಂದು ಅದು ಎಚ್ಚರಿಸುತ್ತಿತ್ತು. ಇಂಗ್ಲಿಷಿನ ಆ ಎಚ್ಚರಿಕೆಯನ್ನು ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತಿದರೆ, ಪ್ರತಿಯೊಂದು ಸಂಕೇತದ ಬದಲಿಗೂ 63 ಎಂಬ ಸಂಖ್ಯೆ, ಅಂದರೆ ಒಂದು ಪ್ರಶ್ನಾರ್ಥಕ ಚಿಹ್ನೆ, ಕಡತದಲ್ಲಿ ಕೂರುತ್ತಿತ್ತು. ರಂಗಪ್ಪ ಎಂಬ ಹೆಸರಿನಲ್ಲಿ ಆರು ಸಂಕೇತಗಳಿವೆ. ದಾಸಪ್ಪ ಎಂಬುದರಲ್ಲಿಯೂ ಆರು. ಉಳಿಸಿದ ಮೇಲೆ ಇಬ್ಬರೂ ಆರಾರು ಪ್ರಶ್ನೆಗಳಾಗಿ ಒಂದೇ ಆಗಿಬಿಡುತ್ತಾರೆ. ಯಾವುದು ಯಾರ ಹೆಸರೆಂದು ಆ ಕಡತದಿಂದ ಹೇಳಲು ಎಂಥ ತಜ್ಞನಿಗೂ ಸಾಧ್ಯವಿಲ್ಲ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ಅಂಥ ದಾಖಲೆಗಳಲ್ಲಿ ಹೆಸರೆಂದರೆ ಹೊಲದ ಮೇಲಿನ ಹಕ್ಕು. ಆದ್ದರಿಂದ ಇದು ಬರಿಯ ಅಂದಚೆಂದದ ಪ್ರಶ್ನೆಯಲ್ಲ.

ಪೂರ್ವನಿಯೋಜಿತ ಏರ್ಪಾಡನ್ನು ಎಲ್ಲಿ ಬದಲಿಸಬೇಕು? ಇದಕ್ಕೆ ಮೇಲು ಕೆಳಗಿನ ಹಂತಗಳಿವೆ. ಇಡೀ ಯಂತ್ರಕ್ಕೆ ಅನ್ವಯಿಸುವುದು ಎಲ್ಲಕ್ಕಿಂತ ಕೆಳಗಿನದು. ಬಳಕೆದಾರನೊಬ್ಬನ ಖಾತೆಗೆ ಅನ್ವಯಿಸುವುದು ಅದನ್ನು ಮೀರುತ್ತದೆ. ತಂತ್ರಾಂಶದ ಸ್ವಂತ ಏರ್ಪಾಡು ಇದನ್ನೂ ಮೀರುತ್ತದೆ. ಈ ಒಂದು ಕಡತಕ್ಕೆಂದು ಬಿಡಿಸಿ ಹೇಳಿದ ಮಾತು ಎಲ್ಲವನ್ನೂ ಮೀರುತ್ತದೆ. ಊರಿಗೆಲ್ಲ ಒಂದು ಸರದಿ ಇದ್ದರೂ, ಇವತ್ತು ಈ ಗದ್ದೆಗೆ ಬಿಡು ಎಂದು ಎದುರಿಗೆ ನಿಂತು ಹೇಳಿದ ರೈತನ ಮಾತನ್ನು ನೀರುಗಂಟಿ ನಡೆಸಿಕೊಟ್ಟಂತೆ.

ಲಿನಕ್ಸಿನಲ್ಲಿ 'ಲ್ಯಾಂಗ್' ಎಂಬ ಹೆಸರಿನ ಒಂದು ಚರವಿದೆ. ಅದರಲ್ಲಿ ಭಾಷೆ, ದೇಶ, ಕೋಷ್ಟಕ ಈ ಮೂರನ್ನು ಕ್ರಮವಾಗಿ ಬರೆಯುತ್ತಾರೆ: ಕನ್ನಡಕ್ಕೆ 'ಕೆಎನ್', ಭಾರತಕ್ಕೆ 'ಐಎನ್', ಚುಕ್ಕೆಯಿಟ್ಟು ಯುಟಿಎಫ್-8. ಆಗ ತೆರೆಯ ಸೂಚನೆಗಳೂ, ಅನುವಾದವಾಗಿರುವ ಮಟ್ಟಿಗೆ, ಕನ್ನಡದಲ್ಲಿಯೇ ಬರುತ್ತವೆ. ವಿಂಡೋಸಿನಲ್ಲಿ ಪ್ರದೇಶದ ಏರ್ಪಾಡುಗಳೊಳಗೆ ಆಡಳಿತದ ಭಾಗದಲ್ಲಿ, ಯೂನಿಕೋಡ್ ಅರಿಯದ ತಂತ್ರಾಂಶಗಳಿಗೂ ಯುಟಿಎಫ್-8ನ್ನೇ ಕೊಡುವ ಒಂದು ಆಯ್ಕೆ 2018ರಲ್ಲಿ ಬಂದಿತು. ಅದನ್ನು ಪರೀಕ್ಷಾರ್ಥವೆಂದೇ ಗುರುತಿಸಿ ಕೊಟ್ಟರು. ಹಳೆಯ ತಂತ್ರಾಂಶಗಳನ್ನು ನಂಬಿರುವ ಕಚೇರಿಯಲ್ಲಿ ಅದನ್ನು ಥಟ್ಟನೆ ಆರಿಸಿದರೆ ಆ ತಂತ್ರಾಂಶಗಳು ತೊದಲತೊಡಗಬಹುದು. ಒಂದೊಂದು ಕಡತವನ್ನು ಉಳಿಸುವಾಗ ಸಂಕೇತಕ್ರಮದ ಪೆಟ್ಟಿಗೆಯಲ್ಲಿ ಯುಟಿಎಫ್-8 ಎಂದು ಆರಿಸುವುದೇ ಸುಲಭವಾದ ದಾರಿ. ಲೆಕ್ಕದ ಹಾಳೆಗಳಿಗಾಗಿ ಕಡತದ ತಲೆಯಲ್ಲಿ 239, 187, 191 ಎಂಬ ಮೂರು ಬೈಟುಗಳ ಗುರುತನ್ನು ಇಡುವ ರೂಢಿಯೂ ಇದೆ. ಆ ಮುದ್ರೆಯನ್ನು ಕಂಡ ತಂತ್ರಾಂಶ ಊಹೆಗೆ ತೊಡಗದೆ ಯುಟಿಎಫ್-8 ಎಂದೇ ಓದುತ್ತದೆ.

ಕೀಲಿಮಣೆಯ ವಿಷಯ ಇದರಿಂದ ಬೇರೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಯಾವ ಕೀಲಿಯನ್ನು ಒತ್ತಿದರೆ ಯಾವ ಅಕ್ಷರ ಎಂಬುದು ನಿಶ್ಚಿತವಾಗಿದೆ. ಅದೇ ಕೀಲಿಗಳನ್ನು ಒತ್ತಿ ಹಳೆಯ ನುಡಿಯ ಬೈಟುಗಳನ್ನೂ ಪಡೆಯಬಹುದು, ಯೂನಿಕೋಡನ್ನೂ ಪಡೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಅನೇಕರು ಭೇದವನ್ನು ಅರಿಯದೆ ವರ್ಷಗಟ್ಟಲೆ ಬರೆದಿದ್ದಾರೆ.

ಹೀಗೆ ಬರೆದ ಹಳೆಯ ಕಡತಗಳು ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ರಾಶಿಯಾಗಿವೆ. ಅವುಗಳಲ್ಲಿ 'ಸಾರಥಿ' ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಸಿಕ್ಕದು. ಹೆಸರುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ 103ರಿಂದ ಆರಂಭವಾಗುವ ರಂಗಪ್ಪ, 122ರಿಂದ ಆರಂಭವಾಗುವ ದಾಸಪ್ಪನಿಗಿಂತ ಮುಂದೆ ಬಂದು ನಿಲ್ಲುತ್ತಾನೆ. ವರ್ಣಮಾಲೆಯ ಕ್ರಮ ಅಲ್ಲಿಲ್ಲ. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಪರಿವರ್ತಕವು ಬೈಟುಗಳನ್ನು ಬದಲಿಸಿದರೆ ಸಾಲದು, ಸ್ಥಾನವನ್ನೂ ಬದಲಿಸಬೇಕು. 'ವಿದ್ಯಾರ್ಥಿ' ಎಂಬಲ್ಲಿಯ ಅರ್ಕಾವೊತ್ತು ಹಳೆಯ ನುಡಿಯಲ್ಲಿ ಥಿಕಾರದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ, ಉಚ್ಚಾರಣೆಯಂತೆ, ರೇಫವು ಮೊದಲು ಬರುತ್ತದೆ.

ಆದ್ದರಿಂದ ಈ ಕೆಲಸಕ್ಕೆ ಕೈಹಾಕುವವರು ಮೂಲ ಕಡತದ ಪ್ರತಿಯೊಂದನ್ನು ಬೇರೆ ತೆಗೆದಿರಿಸಿ, ಇನ್ನೊಂದನ್ನು ಪರಿವರ್ತಿಸಿ, ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ಸಂದೇಹ ಬಂದರೆ 'ಸಾರಥಿ' ಎಂಬ ಒಂದೇ ಪದವಿರುವ ಚಿಕ್ಕ ಕಡತವೂ ಪರೀಕ್ಷೆಗೆ ಸಾಕು. ಅದರ ಗಾತ್ರ ಹದಿನೈದು ಬೈಟ್ ಇದ್ದರೆ ಅದು ಯುಟಿಎಫ್-8. ಹದಿನೆಂಟು ಇದ್ದರೆ ತಲೆಯಲ್ಲಿ ಮೂರು ಬೈಟುಗಳ ಮುದ್ರೆಯೂ ಇದೆ. ಐದೇ ಇದ್ದರೆ ಒಳಗಿನ ಮೊದಲ ಸಂಖ್ಯೆಯನ್ನು ನೋಡಬೇಕು. 184 ಎಂದಿದ್ದರೆ ಹಳೆಯ ನುಡಿ ಹಾಗೆಯೇ ಉಳಿದಿದೆ, ಮತ್ತೊಮ್ಮೆ ಪರಿವರ್ತಿಸಬಹುದು. 63 ಎಂದಿದ್ದರೆ ಆ ಕಡತವನ್ನು ಬಿಟ್ಟು, ತೆಗೆದಿರಿಸಿದ ಮೂಲ ಪ್ರತಿಯನ್ನು ಹುಡುಕಬೇಕು.