ಸ್ಟೆಪ್ನಿ ಹೋಯಿತು, ಹೆಲ್ಮೆಟ್ಟಿಗೆ ಜಾಗ ಬಂತು

ಕೊರಾಡಿನೊ ಡಿ'ಅಸ್ಕಾನಿಯೊ ಎಂಬ ಇಟಲಿಯ ಎಂಜಿನಿಯರಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಹತ್ತಬೇಕೆಂದರೆ ಕಾಲೆತ್ತಿ ಆಚೆ ಹಾಕಬೇಕು, ಚೈನಿನ ಎಣ್ಣೆ ಪ್ಯಾಂಟಿಗೆ ಮೆತ್ತುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವುದೇ ಒಂದು ರಾಮಾಯಣ. ಅವರು ಹೆಲಿಕಾಪ್ಟರ್ ಕಟ್ಟುತ್ತಿದ್ದವರು. 1930ರಲ್ಲಿ ಅವರ ಯಂತ್ರವೊಂದು ಹಾರಾಟದ ದಾಖಲೆಗಳನ್ನೂ ಬರೆದಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಪೊಂಟೆಡೆರಾದಲ್ಲಿದ್ದ ಪಿಯಾಜಿಯೊ ಕಂಪನಿಯ ವಿಮಾನ ಕಾರ್ಖಾನೆ ಬಾಂಬ್ ದಾಳಿಗೆ ಸಿಕ್ಕಿ ಹಾಳಾಗಿತ್ತು. ಜನರ ಕೈಯಲ್ಲಿ ದುಡ್ಡಿಲ್ಲ, ಓಡಾಡಲು ವಾಹನವಿಲ್ಲ. ಎಲ್ಲರ ಕೈಗೂ ಎಟಕುವಂಥ ಅಗ್ಗದ ವಾಹನವೊಂದು ಬೇಕೆಂದು ಮಾಲೀಕ ಎನ್ರಿಕೊ ಪಿಯಾಜಿಯೊ ಕೇಳಿದಾಗ, ಡಿ'ಅಸ್ಕಾನಿಯೊ ತಮಗೆ ಮೋಟಾರ್ ಸೈಕಲ್ಲಿನಲ್ಲಿ ಹಿಡಿಸದ್ದನ್ನೆಲ್ಲ ಒಂದೊಂದಾಗಿ ತೆಗೆದುಹಾಕುತ್ತ ಹೋದರು. ಉಳಿದದ್ದು 1946ರಲ್ಲಿ ಬಂದ 98 ಸಿಸಿಯ ವೆಸ್ಪಾ.

ಇಂದು ರಸ್ತೆಗಿಳಿಯುವ ಸ್ಕೂಟರುಗಳನ್ನು ಈ ಮೊದಲ ವೆಸ್ಪಾದ ಪಕ್ಕ ನಿಲ್ಲಿಸಿದರೆ, ಕಣ್ಣಿಗೆ ಮೊದಲು ಬೀಳುವುದು ಹೋಲಿಕೆಯೇ. ಕಾಲಿಡಲು ನಡುವೆ ಚಪ್ಪಟೆ ಜಾಗ, ಮುಂದೆ ಮಳೆನೀರು ಕೆಸರು ತಡೆಯುವ ಗುರಾಣಿ, ಮೈಮುಚ್ಚಿಕೊಂಡ ಎಂಜಿನ್, ಚಿಕ್ಕ ಚಕ್ರ. ಸೀರೆ ಉಟ್ಟವರೂ ಪಂಚೆ ಉಟ್ಟವರೂ ಪ್ಯಾಂಟು ತೊಟ್ಟವರೂ ಮುಜುಗರವಿಲ್ಲದೆ ಕೂರಬಹುದಾದ ಈ ಆಕಾರ ಸುಮಾರು ಎಂಬತ್ತು ವರ್ಷಗಳಿಂದ ಬದಲಾಗಿಲ್ಲ. ಬದಲಾಗಿರುವುದು ಬೇರೆಯೇ. ಸವಾರ ಮಾಡಬೇಕಿದ್ದ ಕೆಲಸಗಳನ್ನು ಯಂತ್ರ ವಹಿಸಿಕೊಳ್ಳುತ್ತ ಬಂದಿದೆ. ಜೊತೆಗೆ, ಸವಾರನೇ ರಿಪೇರಿ ಮಾಡಿಕೊಳ್ಳಬಹುದಾಗಿದ್ದ ಭಾಗಗಳು ಒಂದೊಂದಾಗಿ ಅವನ ಕೈತಪ್ಪಿವೆ.

ಹಳೆಯ ವಿನ್ಯಾಸದ ಜಾಣ್ಮೆ ಅದರ ತಗಡಿನಲ್ಲಿತ್ತು. ಮೋಟಾರ್ ಸೈಕಲ್ಲಿಗೆ ಕೊಳವೆಗಳ ಚೌಕಟ್ಟು ಮೊದಲು, ಉಳಿದದ್ದೆಲ್ಲ ಅದರ ಮೇಲೆ. ವೆಸ್ಪಾಕ್ಕೆ ಪ್ರತ್ಯೇಕ ಚೌಕಟ್ಟೇ ಇರಲಿಲ್ಲ. ಅಚ್ಚೊತ್ತಿ ಬೆಸೆದ ಉಕ್ಕಿನ ತಗಡೇ ಮೈ, ಅದೇ ಮೂಳೆ. ವಿಮಾನದ ಒಡಲನ್ನು ಕಟ್ಟುವ ಕ್ರಮ ಇಲ್ಲಿಗೆ ಬಂದಿತ್ತು. ಮುಂಚಕ್ರವನ್ನು ಎರಡು ಫೋರ್ಕುಗಳ ನಡುವೆ ಹಿಡಿಯುವ ಬದಲು ಒಂದೇ ಬದಿಯಿಂದ ಹಿಡಿದದ್ದೂ ವಿಮಾನದ ಇಳಿಚಕ್ರದ ಪಾಠವೇ. ಚಕ್ರ ಬಿಚ್ಚಬೇಕೆಂದರೆ ಕಾರಿನಂತೆ ಪಕ್ಕದಿಂದ ನಟ್ಟು ಸಡಿಲಿಸಿ ಎಳೆದರಾಯಿತು. ಎಂಜಿನ್ ಹಿಂಚಕ್ರದ ಬಲಕ್ಕೇ ಅಂಟಿಕೊಂಡಿತ್ತು; ಗೇರ್ ಬಾಕ್ಸಿನಿಂದ ಶಕ್ತಿ ನೇರವಾಗಿ ಚಕ್ರಕ್ಕೆ ಹೋಗುತ್ತಿದ್ದರಿಂದ ಚೈನೂ ಇಲ್ಲ, ಎಣ್ಣೆಯ ಕಲೆಯೂ ಇಲ್ಲ. ಇದಕ್ಕೆ ತೆತ್ತ ಬೆಲೆ ಎಂದರೆ ತೂಕ ಒಂದೇ ಕಡೆ ವಾಲಿದ್ದು. ಜಲ್ಲಿ ಅಥವಾ ಮರಳು ಬಿದ್ದ ತಿರುವಿನಲ್ಲಿ ಚಿಕ್ಕ ಚಕ್ರದ ಈ ಗಾಡಿಯನ್ನು ನಂಬುವುದು ಸ್ವಲ್ಪ ಕಷ್ಟವೇ ಇತ್ತು.

1947ರಲ್ಲಿ ಮಿಲಾನಿನ ಇನೊಸೆಂಟಿ ಕಂಪನಿ ಲ್ಯಾಂಬ್ರೆಟ್ಟಾ ತಂದಿತು. ಅದರಲ್ಲಿ ಕೊಳವೆಯ ಚೌಕಟ್ಟು, ಎಂಜಿನ್ ನಡುವೆ. ಭಾರತಕ್ಕೆ ಎರಡೂ ಬಂದವು. ಮುಂಬೈನ ಎಪಿಐ ಕಂಪನಿ ಲ್ಯಾಂಬ್ರೆಟ್ಟಾ ಜೋಡಿಸಿತು. ಮುಂದೆ ಲಖನೌದ ಸರ್ಕಾರಿ ಕಂಪನಿ ಸ್ಕೂಟರ್ಸ್ ಇಂಡಿಯಾ ಇನೊಸೆಂಟಿಯ ಯಂತ್ರಗಳನ್ನೇ ಕೊಂಡುತಂದು ವಿಜಯ್ ಸೂಪರ್ ಮಾಡಿತು. ಪುಣೆಯ ಬಜಾಜ್ ಪಿಯಾಜಿಯೊ ಪರವಾನಗಿಯಲ್ಲಿ ವೆಸ್ಪಾ ತಯಾರಿಸಿತು. ಆ ಒಪ್ಪಂದ 1971ರಲ್ಲಿ ಮುಗಿದ ಮೇಲೆ, ವೆಸ್ಪಾ ಸ್ಪ್ರಿಂಟ್‌ನ ಆಧಾರದ ಮೇಲೆ 1972ರಲ್ಲಿ ಚೇತಕ್ ಬಂತು. ಪರವಾನಗಿ ರಾಜ್ಯದ ದಿನಗಳವು. ಎಷ್ಟು ಗಾಡಿ ತಯಾರಿಸಬೇಕೆಂಬುದನ್ನೂ ಸರ್ಕಾರವೇ ನಿರ್ಧರಿಸುತ್ತಿತ್ತು. ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿ ಕಾಯುವ ಜನ ಇರುವಾಗ ವಿನ್ಯಾಸ ಬದಲಿಸುವ ದರ್ದು ಯಾರಿಗಿತ್ತು? ಚೇತಕ್‌ನ ಹೊರಗೆರೆ ಮೂರು ದಶಕ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಆ ಚೇತಕ್ ಸವಾರನಿಂದ ಏನೆಲ್ಲ ಬೇಡುತ್ತಿತ್ತು ಎಂಬುದನ್ನು ಇಂದಿನ ಹುಡುಗರಿಗೆ ಬಿಡಿಸಿಯೇ ಹೇಳಬೇಕು. ಅದು 145 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಅಳತೆ ಮಾಡಿ ಆಯಿಲ್ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಬೆಳಿಗ್ಗೆ ಪೆಟ್ರೋಲಿನ ತಿರುಗುಗುಂಡಿಯನ್ನು ಆನ್ ಮಾಡಿ, ಚೋಕ್ ಎಳೆದು, ಗಾಡಿಯನ್ನು ಒಮ್ಮೆ ಮೈಕಡೆಗೆ ವಾಲಿಸಿ ನೆಟ್ಟಗೆ ಮಾಡಿ, ಕಿಕ್ ಹೊಡೆಯಬೇಕು. ನಾಲ್ಕೈದು ಕಿಕ್ಕಿಗೂ ಜಗ್ಗದಿದ್ದರೆ ಬಲಗಡೆಯ ತಗಡು ತೆಗೆದು, ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕಬೇಕು. ಎಡಗೈಯಲ್ಲಿ ಕ್ಲಚ್ ಹಿಡಿದು ಅದೇ ಹಿಡಿಕೆಯನ್ನು ತಿರುಗಿಸಿದರೆ ಗೇರ್, ಬಲಗೈಯಲ್ಲಿ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್, ಬಲಗಾಲಿಗೆ ಹಿಂದಿನ ಬ್ರೇಕ್. ದಾರಿಯಲ್ಲಿ ಗಾಡಿ ಮುಗ್ಗರಿಸತೊಡಗಿದರೆ ಬಗ್ಗಿ ರಿಸರ್ವಿಗೆ ಹಾಕಬೇಕು.

ಆದರೆ ಇದೇ ಗಾಡಿ ಪಂಕ್ಚರಾದ ಹೊತ್ತಿನಲ್ಲಿ ಕೈ ಬಿಡುತ್ತಿರಲಿಲ್ಲ. ಹಿಂದೆ ಸ್ಟೆಪ್ನಿ ಇತ್ತು. ಮುಂದಿನ ಹಿಂದಿನ ಚಕ್ರಗಳೆರಡೂ ಒಂದೇ ಅಳತೆಯವಾದ್ದರಿಂದ ಒಂದು ಸ್ಟೆಪ್ನಿ ಎರಡಕ್ಕೂ ಸಾಕು. ಒಂದು ಸ್ಪ್ಯಾನರ್ ಹಿಡಿದು ಐದು ನಟ್ಟು ಬಿಚ್ಚಿ ಚಕ್ರ ಬದಲಿಸಿಕೊಂಡು ಹೊರಡಬಹುದಿತ್ತು. ರಿಮ್ ಕೂಡ ಎರಡು ಹೋಳು ಸೇರಿಸಿ ಬೋಲ್ಟು ಹಾಕಿದ್ದು. ಟ್ಯೂಬ್ ತೆಗೆಯಲು ಟೈರಿನ ಜೊತೆ ಗುದ್ದಾಡಬೇಕಿರಲಿಲ್ಲ. ತಗಡು ನೆಗ್ಗಿದರೆ ಟಿಂಕರಿಂಗ್ ಮಾಡುವವನು ಬಡಿದು ಸರಿಮಾಡುತ್ತಿದ್ದ. ಅದರ ಶತ್ರು ತುಕ್ಕು ಮಾತ್ರ. ಕರಾವಳಿಯ ಉಪ್ಪುಗಾಳಿಯಲ್ಲಿ ಕಾಲಡಿಯ ತಗಡು ತೂತು ಬಿದ್ದದ್ದು ಎಷ್ಟೋ ಮನೆಗಳ ಅನುಭವ.

ಈ ಗೇರ್ ಗಾಡಿಗಳ ಆಳ್ವಿಕೆಗೆ ಮೊದಲ ಸವಾಲು ಬಂದದ್ದು 1984ರಲ್ಲಿ, ಕೈನೆಟಿಕ್ ಹೋಂಡಾ ರೂಪದಲ್ಲಿ. ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಬಟನ್ ಒತ್ತಿದರೆ ಎಂಜಿನ್ ಶುರು. ನಗರದ ಕೆಲಸಕ್ಕೆ ಹೋಗುವ ಹೆಂಗಸರು ಸ್ಕೂಟರ್ ಹಿಡಿದ ಬದಲಾವಣೆಗೆ ಈ ಗಾಡಿಯೂ, ಮುಂದೆ ಬಂದ ಟಿವಿಎಸ್ ಸ್ಕೂಟಿಯೂ ದಾರಿಮಾಡಿದವು. ಕಾಲೆತ್ತದೆ ಹತ್ತುವ ಆಕಾರ ಚೇತಕ್‌ಗೂ ಇತ್ತಲ್ಲ ಎನ್ನಬಹುದು. ಇತ್ತು; ಆದರೆ ಅದನ್ನು ಕಿಕ್ ಹೊಡೆದು, ಬಿಗಿಯಾದ ಕ್ಲಚ್ ಹಿಡಿದು, ಸ್ಟ್ಯಾಂಡಿಗೆ ಎತ್ತಿ ಹಾಕುವಷ್ಟರಲ್ಲಿ ಗಂಡಸರೂ ಬೆವರುತ್ತಿದ್ದರು.

ಗೇರ್ ಇಲ್ಲದೆ ಗಾಡಿ ಏರನ್ನು ಹತ್ತುವುದು ಹೇಗೆ? ಹೊಸ ಸ್ಕೂಟರಿನ ಎಡಬದಿಯ ಉದ್ದನೆಯ ಕವರ್ ತೆಗೆದರೆ ಉತ್ತರ ಕಾಣುತ್ತದೆ. ಒಳಗೆ ಎರಡು ಪುಲ್ಲಿಗಳು, ನಡುವೆ ಒಂದು ದಪ್ಪ ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಯೊಳಗೆ ಚಿಕ್ಕ ರೋಲರುಗಳಿವೆ. ಎಂಜಿನ್ ವೇಗ ಹೆಚ್ಚಿದಂತೆ ಇವು ಹೊರಕ್ಕೆ ಸರಿದು ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ. ಬೆಲ್ಟ್ ಮೇಲಕ್ಕೇರುತ್ತದೆ, ಹಿಂದಿನ ಪುಲ್ಲಿಯಲ್ಲಿ ಅದೇ ಬೆಲ್ಟ್ ಒಳಕ್ಕಿಳಿಯುತ್ತದೆ. ಅಲ್ಲಿಗೆ ಮೊದಲ ಗೇರಿನಿಂದ ನಾಲ್ಕನೇ ಗೇರಿನವರೆಗಿನ ಪಯಣ ಮೆಟ್ಟಿಲುಗಳಿಲ್ಲದೆ ನುಣುಪಾಗಿ ನಡೆದುಹೋಗುತ್ತದೆ. ನಿಂತಾಗ ಎಂಜಿನ್ ಆಫ್ ಆಗದಂತೆ ನೋಡಿಕೊಳ್ಳಲು ಹಿಂದೆ ಒಂದು ಕ್ಲಚ್; ವೇಗ ಬಂದಾಗ ಅದು ತಾನೇ ಹಿಡಿದುಕೊಳ್ಳುತ್ತದೆ. ಎಡಗೈಗೆ ಹೀಗೆ ಬಿಡುವು ಸಿಕ್ಕಿತು. ಕಾಲಿನ ಬ್ರೇಕ್ ಆ ಕೈಗೆ ಬಂತು.

2001ರಲ್ಲಿ ಬಂದ ಹೋಂಡಾ ಆಕ್ಟಿವಾ ಇದಕ್ಕೆ 102 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ ಸೇರಿಸಿತು. ಟೂ-ಸ್ಟ್ರೋಕಿನಲ್ಲಿ ಹೊಸ ಪೆಟ್ರೋಲ್ ಒಳಗೆ ಬರುವಾಗಲೇ ಹೊಗೆ ಹೊರಹೋಗುತ್ತದೆ. ಉರಿಯದ ಪೆಟ್ರೋಲೂ ಬೆರೆಸಿದ ಎಣ್ಣೆಯೂ ಜೊತೆಗೇ ಆಚೆ ಹೋಗುತ್ತವೆ. ನೀಲಿ ಹೊಗೆಯ ಮೂಲ ಅದೇ. ಹೊಗೆಯ ಕಾನೂನು ಬಿಗಿಯಾದಂತೆ ಆ ಎಂಜಿನ್ನಿಗೆ ಉಳಿಗಾಲವಿರಲಿಲ್ಲ. ಹೊಸ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ಚೇತಕ್ ನಿಂತಿತು, ಬಜಾಜ್ ಸ್ಕೂಟರಿನ ವ್ಯಾಪಾರದಿಂದಲೇ ಹೊರಬಂತು. ಹೋಂಡಾ ಮಾತ್ರ 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. 2023ರ ಹೊತ್ತಿಗೆ ಆಕ್ಟಿವಾ ಮಾರಾಟ ಮೂರು ಕೋಟಿ ದಾಟಿತು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಕಾರ್ಬೊರೇಟರಿನ ಜಾಗಕ್ಕೆ ಫ್ಯುಯಲ್ ಇಂಜೆಕ್ಷನ್ ಬಂದಿದೆ. ಚೋಕ್ ಎಳೆಯುವ ಕೆಲಸವನ್ನು ಸೆನ್ಸರ್ ನೋಡಿಕೊಳ್ಳುತ್ತದೆ. 125 ಸಿಸಿವರೆಗಿನ ಗಾಡಿಗಳಿಗೆ 2019ರಿಂದ ಕಡ್ಡಾಯವಾದ ಕಾಂಬಿ ಬ್ರೇಕಿನಿಂದಾಗಿ ಒಂದೇ ಹಿಡಿಕೆ ಒತ್ತಿದರೆ ಎರಡೂ ಚಕ್ರ ನಿಧಾನವಾಗುತ್ತವೆ. ಹಿಂದಿನ ಬ್ರೇಕನ್ನಷ್ಟೇ ಒತ್ತುವ ಅಭ್ಯಾಸದವರಿಗೆ ಇದು ದೊಡ್ಡ ರಕ್ಷೆ.

ಚೌಕಟ್ಟೂ ಮತ್ತೆ ಬದಲಾಯಿತು. ಹೊಸ ಸ್ಕೂಟರುಗಳಲ್ಲಿ ಹೆಚ್ಚಿನವುಗಳ ಒಳಗೆ ಉಕ್ಕಿನ ಕೊಳವೆ, ಹೊರಗೆ ಪ್ಲಾಸ್ಟಿಕ್. ಮೈ ಭಾರ ಹೊರಬೇಕಿಲ್ಲದ ಕಾರಣ ಅದಕ್ಕೆ ಯಾವ ಆಕಾರ ಕೊಟ್ಟರೂ ನಡೆಯುತ್ತದೆ. ಚೂಪು ಮೂತಿ, ಮಡಿಕೆ, ಗೀರು ಎಲ್ಲ ಬಂದದ್ದು ಹಾಗೆ. ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲ, ಆದರೆ ಸಣ್ಣ ಗುದ್ದಿಗೂ ಸೀಳುತ್ತದೆ. ಬಡಿದು ಸರಿಮಾಡುವಂತಿಲ್ಲ, ಇಡೀ ಪ್ಯಾನೆಲ್ ಬದಲಿಸಬೇಕು. ಟ್ಯೂಬ್‌ಲೆಸ್ ಟೈರು ಬಂದು ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುವಂತಾದ ಮೇಲೆ ಸ್ಟೆಪ್ನಿಗೆ ಕೆಲಸವಿಲ್ಲದಾಯಿತು. ಅದು ಹೋದ ಮೇಲೆ ಸೀಟಿನ ಕೆಳಗಿನ ಜಾಗವೇ ಕಂಪನಿಗಳ ಪೈಪೋಟಿಯ ಕಣವಾಯಿತು. ಟಿವಿಎಸ್ ಜುಪಿಟರ್ 125ರಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಕಾಲಡಿಗೆ ಸರಿಸಿ 33 ಲೀಟರಿನಷ್ಟು ಜಾಗ ಮಾಡಿದ್ದಾರೆ. ಎರಡು ಹೆಲ್ಮೆಟ್ ಹಿಡಿಸುವಷ್ಟು.

ವಿದ್ಯುತ್ ಸ್ಕೂಟರುಗಳು ಈ ಲೆಕ್ಕವನ್ನು ಇನ್ನಷ್ಟು ಮುಂದಕ್ಕೆ ಒಯ್ದಿವೆ. 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟ ಶುರುಮಾಡಿದ ಏಥರ್ 450 ಬ್ಯಾಟರಿಯನ್ನು ಕಾಲಡಿಯಲ್ಲಿ ಇಟ್ಟಿತು. ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಗಾಡಿ ಹಿಡಿತದಲ್ಲಿರುತ್ತದೆ. ಒಂದು ಬದಿಗೆ ವಾಲಿದ ಎಂಜಿನ್ನಿನ ಹಳೆಯ ತಕರಾರಿಗೆ ಇದು ಪರಿಹಾರವೂ ಹೌದು.

ಹಳೆಯ ರೂಪ ಮತ್ತು ಹೊಸ ಯಂತ್ರದ ನಡುವಿನ ಎಳೆದಾಟ ಚೆನ್ನಾಗಿ ಕಾಣುವುದು ಚೇತಕ್‌ನ ಎರಡನೇ ಜನ್ಮದಲ್ಲಿ. 2020ರ ಜನವರಿಯಲ್ಲಿ ಪುಣೆ ಮತ್ತು ಬೆಂಗಳೂರಿನಲ್ಲಿ ಮೊದಲು ಮಾರಾಟಕ್ಕೆ ಬಂದ ವಿದ್ಯುತ್ ಚೇತಕ್ ದುಂಡನೆಯ ದೀಪ, ಉಬ್ಬಿದ ಬದಿ, ಉಕ್ಕಿನ ಮೈ, ಮುಂಚಕ್ರಕ್ಕೆ ಒಂದೇ ಬದಿಯ ಆಸರೆ, ಎಲ್ಲವನ್ನೂ ಪೂರ್ವಜನಿಂದ ಪಡೆದಿತ್ತು. ಚೆಲುವಿಗೆ ಕೊರತೆಯಿರಲಿಲ್ಲ, ಸಾಮಾನಿಗೆ ಜಾಗವಿರಲಿಲ್ಲ. ಒಂದು ಕಾಲದಲ್ಲಿ ಆ ಬದಿಯ ಉಬ್ಬುಗಳಿಗೆ ಕಾರಣವಿತ್ತು: ಬಲಗಡೆಯದು ಎಂಜಿನ್ನಿಗೆ, ಎಡಗಡೆಯದು ಸಾಮಾನು ಇಡುವ ಡಿಕ್ಕಿಗೆ. ಈಗ ಅವು ನೆನಪಿಗಾಗಿ ಮಾತ್ರ. 2024ರ ಕೊನೆಯಲ್ಲಿ ಬಂದ ಚೇತಕ್ 35 ಸರಣಿಯಲ್ಲಿ ಬ್ಯಾಟರಿಯನ್ನು ಕಾಲಡಿಗೆ ಇಳಿಸಿ, ಸೀಟಿನ ಕೆಳಗೆ 35 ಲೀಟರ್ ಜಾಗ ಕೊಡಲಾಯಿತು. ಹೊರಗಿನ ಮುಖ ಬಹುತೇಕ ಹಾಗೇ ಇದೆ. 2012ರಲ್ಲಿ ಭಾರತಕ್ಕೆ ಮರಳಿದ ವೆಸ್ಪಾ ಕೂಡ ಉಕ್ಕಿನ ಒಡಲನ್ನು ಉಳಿಸಿಕೊಂಡು ಒಳಗೆ ಗೇರಿಲ್ಲದ ಯಂತ್ರ ಇಟ್ಟುಕೊಂಡೇ ಬಂದಿತ್ತು.

ರಿಪೇರಿಯ ವಿಷಯದಲ್ಲಿ ಮಾತ್ರ ಹೊಸ ಗಾಡಿಗಳು ಹಳೆಯವಕ್ಕೆ ಇನ್ನೂ ಸಾಟಿಯಾಗಿಲ್ಲ. ಹಳೆಯ ಚೇತಕ್‌ಗೆ ಬೇಕಾದ ಕೇಬಲ್, ಕ್ಲಚ್ ಪ್ಲೇಟ್, ಪಿಸ್ಟನ್ ರಿಂಗುಗಳನ್ನು ಮೂಲೆಯ ಗ್ಯಾರೇಜಿನವನು ಇವತ್ತಿಗೂ ಹುಡುಕಿ ತಂದು ಹಾಕಬಲ್ಲ. ಫ್ಯುಯಲ್ ಇಂಜೆಕ್ಷನ್ ಗಾಡಿಯ ದೋಷ ಹಿಡಿಯಲು ಅವನಿಗೆ ಸ್ಕ್ಯಾನರ್ ಬೇಕು, ವಿದ್ಯುತ್ ಗಾಡಿಗೆ ಕಂಪನಿಯ ಸಾಫ್ಟ್‌ವೇರ್ ಬೇಕು. ಖಾಸಗಿ ಸ್ಕೂಟರಿನ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ನಲವತ್ತು ದಾಟಿದ ಚೇತಕ್‌ಗಳು ಈ ಪರೀಕ್ಷೆಯನ್ನು ಹಲವು ಸಲ ಪಾಸು ಮಾಡಿಕೊಂಡು ಓಡಾಡುತ್ತಿವೆ. ಬೆಂಗಳೂರಿನಲ್ಲಿ ಮೊದಲು ಮಾರಾಟವಾದ ಏಥರ್‌ಗಳ ಸರದಿ 2033ರಲ್ಲಿ.